ಲೈನಿನಲ್ಲೇ ಇರಿ

ನಾಪೋಕ್ಲು ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ಕಿವಿಯೇ ನನ್ನ ಕೂಳು.
ಕರೀ ಹೆಡ್‌ಫೋನು, ಪಿನ್ನು ಚುಚ್ಚುವ ಹಲಗೆ,
ಕಕ್ಕಡದಲ್ಲಿ ಬೂಷ್ಟು ಹಿಡಿಯುವ ರಿಜಿಸ್ಟರು.
ಯಾರದೋ ಸಾವು, ಯಾರದೋ ಹೆರಿಗೆ, ಏಲಕ್ಕಿಯ ರೇಟು,
ಪಠಾಣಕೋಟೆಯಿಂದ ಯಾರದೋ ಗಂಡನ ಕೆಮ್ಮು,
ಎಲ್ಲ ನನ್ನ ಬೆರಳ ಸಂದಿಯಲ್ಲೇ ದಾಟಿದ್ದು.

ಒಂದು ವಿದ್ಯೆ ಮಾತ್ರ ಯಾರೂ ಕಲಿಸಲಿಲ್ಲ, ತಾನಾಗಿ ಬಂತು:
ಮೌನದಲ್ಲಿ ಎರಡು ಜಾತಿ.
ಕಕ್ಕಬ್ಬೆ ರಸ್ತೆಯಲ್ಲಿ ಮರ ಬಿದ್ದು ತಂತಿ ಹರಿದರೆ
ಕಿವಿಗೆ ಹತ್ತಿ ತುರುಕಿದ ಹಾಗೆ, ಸತ್ತದ್ದು.
ಇನ್ನೊಂದು, ಅತ್ತ ಯಾರೋ ಎತ್ತಿದ್ದಾರೆ, ಮಾತಿಲ್ಲ.
ಅದಕ್ಕೊಂದು ಒಳಗು ಇರುತ್ತದೆ.
ಬಚ್ಚಲ ಹಂಡೆಯಲ್ಲಿ ನೀರು ಕಾಯುವ ಹಾಗೆ
ಸಣ್ಣಗೆ ಸುಯ್ಯೆನ್ನುತ್ತದೆ.
“ಲೈನಿನಲ್ಲೇ ಇರಿ” ಅನ್ನುತ್ತಿದ್ದೆ,
“ಇದ್ದಾರೆ. ಇಡಬೇಡಿ.”

ಪುತ್ತರಿ ಕಳೆದ ಮರುವಾರ
ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದರು ಉತ್ತಯ್ಯ.
ಬಾಯಿ ತೆರೆದರೆ ಎರಡು ತೋಟದಾಚೆ ನಾಯಿ ಎದ್ದು ಕೂರುತ್ತಿದ್ದ ಗಂಟಲು,
ಬಲಗೈಯ ಜೊತೆಗೇ ಹೋಯಿತು.
ಮಡಿಕೇರಿ ಆಸ್ಪತ್ರೆಯಲ್ಲಿ, ಫಿನಾಯಿಲ್ ವಾಸನೆಯ ಮೆಟ್ಟಿಲ ಮೇಲೆ
ಇಗ್ಗುತ್ತಪ್ಪನಿಗೆ ಹರಕೆ ಹೊತ್ತೆ:
ಪೂರ್ತಿ ಬೇಡ ಸ್ವಾಮಿ, ಒಂದೇ ಮಾತು,
ಚೋಂದೂ ಅಂತ ಒಮ್ಮೆ ಕರೆಯಲಿ.
ಇವರ ತೂಕದ ಅಕ್ಕಿ ನಿನ್ನ ನಡೆಗೆ ತರುತ್ತೇನೆ.

ಕಾಫಿ ಹೂವಾಯಿತು, ಕಾಯಾಯಿತು,
ಕುಯ್ದು ಕಣದಲ್ಲಿ ಹರವಿಯೂ ಆಯಿತು.
ಗಂಜಿಯ ಚಮಚ, ತುಟಿಯ ಅಂಚು, ಒರೆಸುವ ಬಟ್ಟೆ.
ಒಂದು ಸಂಜೆ ನೆಲ್ಲಕ್ಕಿಯ ದೀಪ ಹಚ್ಚಲಿಲ್ಲ.
ಬೈದೆ. ಸುಳ್ಳೇಕೆ, ಬಾಯಿಗೆ ಬಂದ ಹಾಗೆ ಬೈದೆ.
ಮಳೆ ಕೇಳಿದವರಿಗೆ ಕೊಡುತ್ತೀ,
ಸಾಕು ಅಂದವರಿಗೂ ಕೊಡುತ್ತೀ,
ಗುಡ್ಡ ಜಾರುವಷ್ಟು ಕೊಡುತ್ತೀ;
ಎರಡಕ್ಷರಕ್ಕೆ ಇಷ್ಟು ಜಿಪುಣನೇ ನೀನು?

ಕತ್ತಲಲ್ಲೇ ಕೂತಿದ್ದೆ.
ಮಂಚದಿಂದ ಇವರ ಉಸಿರು.
ಹಳೆಯ ಕಿವಿ, ನಿವೃತ್ತಿಯಾದರೂ ಬುದ್ಧಿ ಬಿಡಲಿಲ್ಲ,
ತಾನಾಗಿ ನೆಟ್ಟಗಾಯಿತು.
ಇದು ಹರಿದ ತಂತಿಯಲ್ಲ.
ಸುಯ್ಯೆನ್ನುತ್ತಿದೆ.
ಯಾರದ್ದು ಅಂತ ಕೇಳಬೇಡಿ,
ಇವರದೋ, ಇವರ ಆಚೆಯದೋ.
ಕ್ರಾಸ್ ಕನೆಕ್ಷನ್ನು ಎಷ್ಟು ಕಂಡಿಲ್ಲ ನಾನು!
ಅಂಥ ಹೊತ್ತಿನಲ್ಲಿ ಆಪರೇಟರು ಉಸಿರು ಹಿಡಿಯಬೇಕು,
ಅಷ್ಟೇ ಕೆಲಸ.

ಮಾರನೆಯ ತಿಂಗಳು ಜೀಪು ಹೇಳಿ ಪಾಡಿಗೆ ಹೋದೆವು.
ರಸೀದಿ ಬರೆಯುವ ಹುಡುಗ ಪೆನ್ನು ಎತ್ತಿ ಕೇಳಿದ,
“ಏನು ನಡೆಸಿಕೊಟ್ಟ ದೇವರು?”
“ಏನೂ ಇಲ್ಲ.”
“ಮತ್ತೆ ತುಲಾಭಾರ?”
“ಟ್ರಂಕ್ ಬುಕ್ ಮಾಡಿದ್ದೇನೆ ಮಗು. ಬರೆದುಕೋ.”
ಅವನಿಗೆ ಅರ್ಥವಾಗಲಿಲ್ಲ. ಅವನ ವಯಸ್ಸಿನವರಿಗೆ ಟ್ರಂಕು ಅಂದರೆ ಪೆಟ್ಟಿಗೆ.

ಹರಕೆಯ ದಿನದ ಲೆಕ್ಕ ಹಿಡಿದು
ಎಂಬತ್ತೊಂದು ಕಿಲೋ ಅಕ್ಕಿ ತಂದಿದ್ದೆ.
ತಕ್ಕಡಿ ಐವತ್ತಾರಕ್ಕೇ ಸಮ ನಿಂತಿತು.
ನೆಲ ಬಿಟ್ಟ ಪಾದ ಎರಡೂ ಗಾಳಿಯಲ್ಲಿ,
ಒಂದಕ್ಕೆ ಕಾಲುಚೀಲ ಜಾರಿತ್ತು,
ಇವರು ಅದನ್ನೇ ನೋಡುತ್ತಿದ್ದರು, ಮಗುವಿನ ಹಾಗೆ.
“ಉಳಿದದ್ದು ವಾಪಸು ಒಯ್ಯಿರಿ ಅಮ್ಮ” ಅಂದರು ಭಟ್ಟರು.
ಒಯ್ಯಲಿಲ್ಲ.
ಆ ಇಪ್ಪತ್ತೈದೂ ಇವರೇ,
ವರ್ಷವಿಡೀ ನನ್ನ ಕೈಯಲ್ಲೇ ಕರಗಿದವರು;
ಅದನ್ನೂ ಅವನೇ ಇಟ್ಟುಕೊಳ್ಳಲಿ, ಲೆಕ್ಕ ಅವನಿಗೆ ಗೊತ್ತು.

ಹೆಸರು ಇನ್ನೂ ಬಂದಿಲ್ಲ.
ದೀಪ ಹಚ್ಚುತ್ತೇನೆ, ಕೂರುತ್ತೇನೆ.
“ಮೂರು ನಿಮಿಷವಾಯಿತು, ಮುಂದುವರಿಸಲೇ?” ಅಂತ
ಸಾವಿರ ಜನರ ಮಾತು ಕಡಿದು ಕೇಳಿದವಳು ನಾನು.
ಈಗ ಆ ಪ್ರಶ್ನೆ ನನ್ನ ಕಿವಿಯಲ್ಲೇ.
ಮುಂದುವರಿಸಿ, ಅನ್ನುತ್ತೇನೆ,
ಸ್ವಲ್ಪ ತಾಳಿ, ಗಂಜಿ ಆರಿಸಿ ಬಂದೆ,
ಇಡಬೇಡಿ.